ಸುರತ್ಕಲ್‌ನಲ್ಲಿ ಮನೆ, ಬೋರ್‌ವೆಲ್ ನೀರು, ಆರು ತಿಂಗಳಿಗೊಮ್ಮೆ ಶವರ್ ಕಟ್ಟಿಕೊಳ್ಳುತ್ತದೆ. ಯಾವ ಶವರ್ ಹಾಕಿಸಲಿ?

ಗಡಸು ನೀರಿಗೆ, ಅಂದರೆ ಸುಣ್ಣ ಜಾಸ್ತಿ ಇರುವ ನೀರಿಗೆ, ಯಾವ ಶವರ್ ತಾಳುತ್ತದೆ, ಪ್ಲಂಬರ್ ಇಲ್ಲದೆ ನಾವೇ ಬದಲಾಯಿಸಬಹುದಾ ಎಂದು ಕೇಳಿದ್ದೀರಿ. ಅಂಗಡಿಯವರು ಶವರ್ ಫಿಲ್ಟರ್ ಹಾಕಿ ಎಂದಿದ್ದಾರಂತೆ, ಅದು ಬೇಕಾ ಎಂದೂ ಬರೆದಿದ್ದೀರಿ. ನಮ್ಮ ಮನೆ ಉಡುಪಿ ಕಡೆಯ ಕಟಪಾಡಿ ಹತ್ತಿರ. ಬಾವಿಯೂ ಉಂಟು, ಬೋರ್‌ವೆಲ್ಲೂ ಉಂಟು. ಹನ್ನೆರಡು ವರ್ಷದಲ್ಲಿ ನಾಲ್ಕು ಶವರ್ ಹಾಕಿದ್ದೇನೆ. ಈಗಿರುವುದಕ್ಕೆ ಆರನೇ ವರ್ಷ, ಇನ್ನೂ ನೀರು ನೆಟ್ಟಗೆ ಬೀಳುತ್ತಿದೆ.

ಹೊಸ ಶವರ್ ಹುಡುಕುವ ಮೊದಲು ಹಳೆಯದನ್ನು ಬಿಚ್ಚಿ, ಒಳಗೆ ಏನು ಕೂತಿದೆ ನೋಡಿ. ನಾನು ಮೊದಲ ಎರಡು ಸಲ ಇದನ್ನು ಮಾಡಲೇ ಇಲ್ಲ. ಒಳಗೆ ನೋಡದೆಯೇ ಎಸೆದು ಅಂಥದ್ದೇ ಇನ್ನೊಂದು ತಂದೆ. ಮೂರನೆಯದನ್ನು ಬಿಚ್ಚಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ತಟ್ಟಿದಾಗ ಬಿಳಿ ಹರಳುಗಳು ಉದುರಿದವು, ನುಚ್ಚಕ್ಕಿ ಹಾಗೆ. ಬೆರಳಿನಲ್ಲಿ ಒತ್ತಿದರೆ ಪುಡಿಯಾಗಲಿಲ್ಲ. ನಾಲ್ಕು ಹನಿ ಲಿಂಬೆ ರಸ ಹಿಂಡಿದೆ. ಸಣ್ಣಗೆ ಗುಳ್ಳೆ ಎದ್ದಿತು. ಅದು ಸುಣ್ಣ. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಕಲ್ಲಾಗಿ ಕೂತದ್ದು.

ಆದರೆ ನಮ್ಮ ಕಡೆ ಶವರ್ ಕಟ್ಟಿಕೊಂಡರೆ ಅದು ಸುಣ್ಣವೇ ಆಗಿರಬೇಕೆಂದಿಲ್ಲ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ನೆಲದ ತೆರೆದ ಬಾವಿಗಳ ನೀರು ಹೆಚ್ಚಾಗಿ ಮೃದುವೇ, ಸ್ವಲ್ಪ ಹುಳಿ ಗುಣದ್ದು. ಅಲ್ಲಿ ತೊಂದರೆ ಕೊಡುವುದು ಕಬ್ಬಿಣ. ಬಾವಿಯಿಂದ ಎತ್ತಿದಾಗ ನೀರು ತಿಳಿಯಾಗಿರುತ್ತದೆ, ಬಾಲ್ದಿಯಲ್ಲಿ ಒಂದು ರಾತ್ರಿ ಇಟ್ಟರೆ ಗಾಳಿ ತಾಗಿ ಅಡಿಯಲ್ಲಿ ಕೆಂಪು ಗಸಿ ಕೂರುತ್ತದೆ. ಆ ಗಸಿಯೇ ಶವರ್ ಒಳಗೂ ಕೂರುತ್ತದೆ, ಮುಟ್ಟಿದರೆ ಲೋಳೆ ಲೋಳೆ. ಬೋರ್‌ವೆಲ್ ಕೆಳಗಿನ ಗಟ್ಟಿ ಬಂಡೆಗೆ ಇಳಿದಿರುತ್ತದೆ, ಬಂಡೆಯ ಬಿರುಕಿನಲ್ಲಿ ನಿಂತ ನೀರಿನಲ್ಲಿ ಸುಣ್ಣ ಜಾಸ್ತಿ ಇರಬಹುದು, ಕೆಲವು ಕಡೆ ಕಬ್ಬಿಣವೂ ಸೇರಿ. ಇನ್ನು ಕಡಲ ಪಕ್ಕ, ಹೊಳೆಯ ಬಾಯಿಯ ಪಕ್ಕ ಇರುವವರಿಗೆ ಏಪ್ರಿಲ್, ಮೇಯಲ್ಲಿ ಉಪ್ಪು ಏರುತ್ತದೆ. ಉಪ್ಪು ಶವರನ್ನು ಅಷ್ಟಾಗಿ ಕಟ್ಟುವುದಿಲ್ಲ, ತಿನ್ನುತ್ತದೆ. ಸುರತ್ಕಲ್ ಎಂದಿರಿ, ಸಮುದ್ರಕ್ಕೆ ಎಷ್ಟು ದೂರ ಎಂದು ಬರೆದಿಲ್ಲ. ಹಾಗಾಗಿ ಮೂರನ್ನೂ ಹೇಳಿದೆ. ಬಿಳಿ ಗಟ್ಟಿ ಹರಳೋ, ಕೆಂಪು ಲೋಳೆಯೋ, ಲೋಹಕ್ಕೆ ಹಸಿರು ಹಿಡಿದು ಸಿಪ್ಪೆ ಏಳುತ್ತಿದೆಯೋ ನೋಡಿಕೊಳ್ಳಿ. ಮೂರಕ್ಕೂ ಮದ್ದು ಬೇರೆ ಬೇರೆ.

ನೀರು ಗಡಸಾ ಎಂದು ತಿಳಿಯಲು ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಉಂಟು. ಎರಡು ಒಂದೇ ಥರದ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ನಿಮ್ಮ ನೀರು, ಇನ್ನೊಂದಕ್ಕೆ ಮಳೆ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಮೈಸೋಪನ್ನು ತುರಿದು ಎರಡಕ್ಕೂ ಒಂದೇ ಅಳತೆ ಹಾಕಿ ಕುಲುಕಿ. ಶಾಂಪೂ, ಡಿಟರ್ಜೆಂಟ್ ಬೇಡ, ಅವು ಗಡಸು ನೀರಲ್ಲೂ ನೊರೆ ಕೊಡುತ್ತವೆ. ಮಳೆ ನೀರಿನಲ್ಲಿ ನೊರೆ ಮೇಲೇರಿ ನಿಲ್ಲುತ್ತದೆ. ಗಡಸು ನೀರಿನಲ್ಲಿ ನೊರೆ ಸತ್ತು, ನೀರು ಬೆಳ್ಳಗೆ ಕದಡಿ, ಮೇಲೆ ಕೆನೆ ಒಡೆದ ಹಾಗೆ ತುಣುಕು ತೇಲುತ್ತದೆ. ಮಿಂದ ಮೇಲೆ ಮೈ ಚರಚರ ಅನ್ನುವುದು, ಕೂದಲು ಒರಟಾಗುವುದು, ಬಚ್ಚಲಿನ ಟೈಲ್ಸ್ ಮೇಲೆ ಬೂದಿ ಬಣ್ಣದ ಪದರ ಕೂರುವುದು, ಎಲ್ಲ ಈ ತುಣುಕಿನಿಂದಲೇ.

ಅಂಕಿ ಬೇಕಾದರೆ ನೀರು ಪರೀಕ್ಷೆಗೆ ಕೊಡಿ, ಒಟ್ಟು ಗಡಸುತನ ಮತ್ತು ಕಬ್ಬಿಣ ಎರಡನ್ನೂ ಕೇಳಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ದಾರಿಯೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ನಮ್ಮ ಬೋರ್‌ವೆಲ್‌ದು 400ರ ಹತ್ತಿರ ಬಂತು. ಸುಮ್ನೆ ಟಿಡಿಎಸ್ ಮೀಟರ್ ಅದ್ದಿ ನೋಡಿ ಗಡಸು ಎಂದು ತೀರ್ಮಾನಿಸಬೇಡಿ. ಅದು ಉಪ್ಪನ್ನೂ ಸುಣ್ಣವನ್ನೂ ಒಟ್ಟಿಗೆ ಎಣಿಸುತ್ತದೆ, ಬೇರೆ ಮಾಡಿ ಹೇಳುವುದಿಲ್ಲ.

ಈಗ ಶವರ್ ವಿಷಯ. ಗಡಸು ನೀರಿಗೆ ಕಟ್ಟಿಕೊಳ್ಳದ ಶವರ್ ಎಂಬುದು ಇಲ್ಲ ಮಾರಾಯ್ರೆ. ಸುಲಭವಾಗಿ ಶುಚಿ ಮಾಡಲು ಬರುವ ಶವರ್ ಉಂಟು, ಅದನ್ನೇ ಹುಡುಕಿ. ಮುಖದ ತುಂಬ ಸಣ್ಣ ಸಣ್ಣ ರಬ್ಬರ್ ಮೊನೆಗಳಿರುತ್ತವಲ್ಲ, ಸಿಲಿಕೋನ್‌ದು, ಅಂಥದ್ದು ತೆಗೆದುಕೊಳ್ಳಿ. ಸುಣ್ಣ ಕೂತಾಗ ಹೆಬ್ಬೆರಳಿನಿಂದ ಉಜ್ಜಿದರೆ ಮೊನೆ ಬಾಗುತ್ತದೆ, ಹರಳು ಒಡೆದು ಹೊರಗೆ ಬರುತ್ತದೆ. ವಾರಕ್ಕೊಮ್ಮೆ ಮೀಯುವಾಗಲೇ ಉಜ್ಜಿಬಿಡಿ, ಅರ್ಧ ನಿಮಿಷದ ಕೆಲಸ. ಬರೀ ಸ್ಟೀಲ್ ತಟ್ಟೆಯಲ್ಲಿ ಸೂಜಿ ಮೊನೆಯಷ್ಟು ತೂತು ಕೊರೆದ ಶವರ್‌ಗಳು ನೋಡಲು ಚಂದ, ನಮ್ಮ ನೀರಿಗೆ ಬೇಡ. ತೂತು ಅರ್ಧ ಮುಚ್ಚಿದ ಕೂಡಲೇ ನೀರು ತಲೆ ಮೇಲೆ ಬೀಳದೆ ಗೋಡೆಗೆ ಹಾರುತ್ತದೆ. ನಮ್ಮ ಎರಡನೆಯದು ಹಾಗೇ ಆಗಿ, ಅಮ್ಮ ಗೋಡೆ ಕಡೆ ವಾಲಿ ನಿಂತು ಮೀಯುತ್ತಿದ್ದರು. ಎಪ್ಪತ್ತು ದಾಟಿದವರು ಒದ್ದೆ ನೆಲದ ಮೇಲೆ ಹಾಗೆ ನಿಲ್ಲುವುದು ನೋಡಿದ ಮೇಲೆಯೇ ನಾನು ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡದ್ದು.

ಮುಖದ ತಟ್ಟೆಯನ್ನು ತಿರುಗಿಸಿ ಬಿಚ್ಚಲು ಬರುತ್ತದಾ ಎಂದು ಅಂಗಡಿಯಲ್ಲೇ ಬಿಚ್ಚಿಸಿ ನೋಡಿ. ಅಂಟು ಹಾಕಿ ಮುಚ್ಚಿದ್ದಾದರೆ ಒಳಗಿನ ಸುಣ್ಣಕ್ಕೆ ನಿಮ್ಮ ಕೈ ತಲುಪುವುದಿಲ್ಲ. ಹ್ಯಾಂಡ್ ಶವರ್ ಆದರೆ ಇನ್ನೂ ಒಳ್ಳೆಯದು, ಬಿಚ್ಚಿ ಬಾಲ್ದಿಯಲ್ಲಿ ನೆನೆಹಾಕಬಹುದು, ಮನೆಯಲ್ಲಿ ಹಿರಿಯರಿದ್ದರೆ ಕೂತು ಮೀಯಲೂ ಅನುಕೂಲ. ಕಡಲ ಹತ್ತಿರದವರಾದರೆ ಶವರ್‌ನ ತಲೆ ಎಬಿಎಸ್ ಪ್ಲಾಸ್ಟಿಕ್‌ನದ್ದಾದರೂ ಚಿಂತೆ ಇಲ್ಲ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೆ ಗೋಡೆಯಿಂದ ಹೊರಬರುವ ಆರ್ಮ್, ಅಂದರೆ ಬಾಗಿದ ಪೈಪು, ಗಟ್ಟಿ ಹಿತ್ತಾಳೆಯದ್ದೇ ಇರಲಿ ಅಥವಾ 304 ದರ್ಜೆಯ ಸ್ಟೀಲಿನದ್ದು. ಅಲ್ಲಿ ದುಡ್ಡು ಉಳಿಸಬೇಡಿ. ಯಾಕೆ ಎಂದು ಕೆಳಗೆ ಹೇಳುತ್ತೇನೆ.

ತಟ್ಟೆಯಷ್ಟು ಅಗಲದ ರೈನ್ ಶವರ್ ಆಸೆ ಇದ್ದರೆ ಮೊದಲು ಟ್ಯಾಂಕಿನ ಎತ್ತರ ಅಳೆಯಿರಿ. ಟ್ಯಾಂಕಿನ ನೀರು ಶವರ್‌ಗಿಂತ 10 ಮೀಟರ್ ಮೇಲಿದ್ದರೆ ಹತ್ತಿರ ಹತ್ತಿರ 1 ಬಾರ್ ಒತ್ತಡ. ಒಂದಂತಸ್ತಿನ ಮನೆಯಲ್ಲಿ ತಾರಸಿ ಮೇಲಿನ ಟ್ಯಾಂಕಿಗೂ ಶವರ್‌ಗೂ ಎರಡೋ ಮೂರೋ ಮೀಟರ್ ಅಷ್ಟೇ ಅಂತರ, ಅಂದರೆ 0.2, 0.3 ಬಾರ್. ಅಗಲದ ಶವರ್‌ಗಳ ಡಬ್ಬದ ಮೇಲೆ ಹೆಚ್ಚಾಗಿ ಅರ್ಧ ಬಾರ್ ಅಥವಾ ಅದಕ್ಕಿಂತ ಜಾಸ್ತಿ ಬೇಕು ಎಂದಿರುತ್ತದೆ. ಹಾಕಿದರೆ ಮಾಡಿನಿಂದ ಮಳೆ ನಿಂತ ಮೇಲೆ ತೊಟ್ಟಿಕ್ಕುವ ಹಾಗೆ ಬೀಳುತ್ತದೆ. ಫ್ಲ್ಯಾಟಿನ ಮೇಲಿನ ಮಹಡಿಯವರಿಗೂ ಇದೇ ಕತೆ. ನಾಲ್ಕು ಇಂಚಿನ ಶವರ್ ಸಾಕು.

ಶವರ್ ಫಿಲ್ಟರ್ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ: ಸುಣ್ಣಕ್ಕಾಗಿ ಅದನ್ನು ಕೊಳ್ಳಬೇಡಿ. ಕ್ಲೋರಿನ್ ವಾಸನೆ, ಮರಳು, ಗಸಿ ಅದು ಹಿಡಿಯಬಹುದು. ಗಡಸುತನ ತೆಗೆಯಲು ರೆಸಿನ್ ಎಂಬ ಸಣ್ಣ ಮಣಿಗಳು ಬೇಕು, ಅದೂ ಸಾಕಷ್ಟು ಬೇಕು. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸು ಹಿಡಿದು ಸುಸ್ತಾಗುತ್ತದೆ. ನಮ್ಮ ನೀರಿನಲ್ಲಿ ಲೀಟರಿಗೆ 400 ಮಿಲಿಗ್ರಾಂ ಉಂಟು. ಮುಷ್ಟಿಯೊಳಗೆ ಹಿಡಿಯುವ ಫಿಲ್ಟರ್‌ನಲ್ಲಿ 200 ಮಿಲಿ ರೆಸಿನ್ ತುಂಬಿದೆ ಎಂದೇ ಇಟ್ಟುಕೊಳ್ಳಿ. 25 ಲೀಟರ್ ನೀರಿಗೆ ಅದರ ಶಕ್ತಿ ಮುಗಿಯಿತು, ಅಂದರೆ ಒಂದು ಬಾಲ್ದಿ ಮತ್ತೆ ಸ್ವಲ್ಪ. ಒಬ್ಬರ ಸ್ನಾನಕ್ಕೂ ಸಾಲದು. ನಿಜವಾಗಿ ಮೃದು ನೀರು ಬೇಕಾದರೆ ಇಡೀ ಮನೆಯ ಲೈನಿಗೆ ಸಾಫ್ಟ್‌ನರ್ ಹಾಕಿಸಬೇಕು, ಆಗಾಗ ಉಪ್ಪು ನೀರು ಕೊಟ್ಟು ರೆಸಿನ್ ತೊಳೆಯಬೇಕು. ನೀರಿನಲ್ಲಿ ಕಬ್ಬಿಣವೂ ಇದ್ದರೆ ಮೊದಲು ಕಬ್ಬಿಣ ತೆಗೆಯದೆ ಸಾಫ್ಟ್‌ನರ್ ಹಾಕಿಸಲೇಬೇಡಿ, ರೆಸಿನ್ ಕೆಂಪಾಗಿ ಹಾಳಾಗುತ್ತದೆ. ನಾವು ಸಾಫ್ಟ್‌ನರ್ ಹಾಕಿಸಲಿಲ್ಲ. ಬಚ್ಚಲಿನ ಲೈನನ್ನು ಬಾವಿ ನೀರಿನ ಟ್ಯಾಂಕಿಗೆ ತಿರುಗಿಸಿ, ಬೋರ್‌ವೆಲ್ಲನ್ನು ತೋಟಕ್ಕೆ ಬಿಟ್ಟೆವು. ಮಾಡಿನ ಮಳೆ ನೀರನ್ನು ಸೋಸಿ ಬಾವಿಗೇ ಇಳಿಸಿದೆವು. ಬೇಸಗೆಯ ಒಂದೆರಡು ತಿಂಗಳು ಮಾತ್ರ ಬಚ್ಚಲಿಗೂ ಬೋರ್‌ವೆಲ್ ನೀರು. ನಿಮ್ಮಲ್ಲೂ ಬಾವಿ ಇದ್ದರೆ ಇದಕ್ಕಿಂತ ಅಗ್ಗದ ದಾರಿ ನನಗೆ ಕಾಣುವುದಿಲ್ಲ.

ಕಟ್ಟಿಕೊಂಡ ಶವರನ್ನು ಬಿಡಿಸುವುದು ಹೀಗೆ. ಬಿಳಿ ಸುಣ್ಣವಾದರೆ ವಿನೆಗರ್ ಮತ್ತು ನೀರು ಅರ್ಧ ಅರ್ಧ, ಒಂದು ಗಂಟೆ. ಬಿಚ್ಚಲು ಆಗದಿದ್ದರೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ವಿನೆಗರ್ ತುಂಬಿ ಶವರ್ ಮುಳುಗುವ ಹಾಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ರಾತ್ರಿ ಇಡೀ ಬಿಡಬೇಡಿ, ಕ್ರೋಮ್ ಮಂಕಾಗುತ್ತದೆ. ಕೆಂಪು ಕಲೆಗೆ ನಮ್ಮ ಬಿಂಬುಳಿ ಎಂಬ ಹುಳಿ ಕಾಯಿಯಷ್ಟು ಒಳ್ಳೆಯದು ಬೇರೆ ಇಲ್ಲ. ನಾಲ್ಕು ಕಾಯಿ ಜಜ್ಜಿ ಅದರ ರಸ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿ, ಟೈಲ್ಸಿನ ಕೆಂಪು ಸಹ ಹೋಗುತ್ತದೆ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಕಬ್ಬಿಣವನ್ನು ಬಿಡಿಸುತ್ತದೆ. ಆದರೆ ಬಿಳಿ ಸುಣ್ಣಕ್ಕೆ ಬಿಂಬುಳಿ ಹಾಕಬೇಡಿ. ಆ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಇನ್ನೊಂದು ಪದರವಾಗುತ್ತದೆ. ಸುಣ್ಣಕ್ಕೆ ವಿನೆಗರ್ ಅಥವಾ ಲಿಂಬೆಯೇ ಸರಿ.

ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮಾತ್ರ ಬೇಡವೇ ಬೇಡ. ನಮ್ಮ ಮೊದಲ ಶವರ್ ಹೋದದ್ದು ಅದರಿಂದಲೇ. ಸುಣ್ಣ ಕ್ಷಣದಲ್ಲಿ ಹೋಯಿತು, ಹದಿನೈದು ದಿನದಲ್ಲಿ ಕ್ರೋಮ್ ಸಿಪ್ಪೆ ಎದ್ದು ಒಳಗಿನ ಹಿತ್ತಾಳೆಗೆ ಹಸಿರು ಹಿಡಿಯಿತು. ವಿನೆಗರ್ ಇರಲಿ, ಆ್ಯಸಿಡ್ ಇರಲಿ, ಬ್ಲೀಚಿಂಗ್ ಪೌಡರ್ ಜೊತೆ ಎಂದೂ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಉಸಿರಿಗೇ ಅಪಾಯ.

ನೀವೇ ಬದಲಾಯಿಸಬಹುದಾ? ತಲೆ ಮಾತ್ರ ಆದರೆ ಖಂಡಿತ. ಸಾಮಾನ್ಯವಾಗಿ ಎಲ್ಲದಕ್ಕೂ ಅರ್ಧ ಇಂಚಿನ ಥ್ರೆಡ್ಡೇ. ತಾರಸಿಯ ಗೇಟ್‌ವಾಲ್ ಬಂದ್ ಮಾಡಿ, ನಲ್ಲಿ ತೆರೆದು ಲೈನ್ ಖಾಲಿ ಮಾಡಿ. ನಟ್ಟಿಗೆ ಬಟ್ಟೆ ಸುತ್ತಿ ಸ್ಪಾನರ್ ಹಿಡಿಯಿರಿ, ಇನ್ನೊಂದು ಕೈಯಲ್ಲಿ ಆರ್ಮನ್ನು ಅಲುಗದ ಹಾಗೆ ಗಟ್ಟಿಯಾಗಿ ಹಿಡಿದುಕೊಳ್ಳಿ. ತಲೆ ಬಂದ ಮೇಲೆ ಹಳೆ ಟೇಪು ತೆಗೆದು ಬ್ರಷ್‌ನಿಂದ ಥ್ರೆಡ್ ಉಜ್ಜಿ. ಹೊಸದನ್ನು ಹಾಕುವ ಮೊದಲು ಬರೀ ಆರ್ಮಿನಲ್ಲೇ ಒಂದು ನಿಮಿಷ ನೀರು ಬಿಡಿ. ಇದನ್ನು ಯಾರೂ ಮಾಡುವುದಿಲ್ಲ. ಮಾಡದಿದ್ದರೆ ಪೈಪಿನಲ್ಲಿದ್ದ ಸುಣ್ಣದ ಚೂರು, ಮರಳು ಎಲ್ಲ ಹೊಸ ಶವರ್‌ನ ಜಾಲರಿಗೆ ಹೋಗಿ ಕೂರುತ್ತದೆ, ಮೊದಲ ದಿನವೇ ನೀರು ಕಮ್ಮಿ. ಆಮೇಲೆ ಟೆಫ್ಲಾನ್ ಟೇಪನ್ನು ತಲೆ ತಿರುಗಿಸಿ ಹಾಕುವ ದಿಕ್ಕಿನಲ್ಲೇ ಸುತ್ತಿ. ಒಳಗೆ ರಬ್ಬರ್ ವಾಷರ್ ಇದ್ದರೆ ಎರಡು ಸುತ್ತು ಸಾಕು, ಕೈಯಲ್ಲೇ ಬಿಗಿ ಮಾಡಿ.

ಆರ್ಮ್ ಬೇರೆ ಮಾತು. ನಮ್ಮ ಎರಡನೇ ಶವರ್‌ನ ಆರ್ಮ್ ಅಗ್ಗದ್ದು. ತಿರುಗಿಸಿದಾಗ ಥ್ರೆಡ್ ಗೋಡೆಯೊಳಗೇ ಮುರಿದು ಉಂಗುರದ ಹಾಗೆ ಉಳಿಯಿತು. ಪ್ಲಂಬರ್ ಬಂದು ಬರೀ ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿದರು. ಉಂಗುರದ ಎರಡು ಕಡೆ ಒಳಗಿನಿಂದ ಮೆಲ್ಲಗೆ ಗೀರಿದರು. ನಾಲ್ಕು ಸಲ ಎಳೆಯುವುದು, ಬೆರಳು ಹಾಕಿ ಮುಟ್ಟಿ ನೋಡುವುದು. ಬ್ಲೇಡ್ ಎಲ್ಬೊದ, ಅಂದರೆ ಗೋಡೆಯೊಳಗಿನ ಬಾಗಿದ ಜೋಡಣೆಯ, ಥ್ರೆಡ್ಡಿಗೆ ತಾಗಿದರೆ ಟೈಲ್ಸ್ ಒಡೆಯಬೇಕಿತ್ತು. ಕೊನೆಗೆ ಸ್ಕ್ರೂಡ್ರೈವರ್‌ನಿಂದ ಒಂದು ಪೆಟ್ಟು ಕೊಟ್ಟಾಗ ಉಂಗುರ ಒಳಕ್ಕೆ ಮಡಚಿತು, ಇಕ್ಕಳದಲ್ಲಿ ಎಳೆದು ತೆಗೆದರು. ಮುಕ್ಕಾಲು ಗಂಟೆ ಹಿಡಿಯಿತು. ಅವರಂಥ ಕೈ ನನಗಿಲ್ಲ. ಹಾಗಾಗಿ ಆರ್ಮ್ ಸ್ವಲ್ಪ ಬಿಗಿ ಎಂದು ಕಂಡರೂ ಪ್ಲಂಬರ್‌ಗೆ ಹೇಳಿ. ಗೋಡೆಯಲ್ಲಿ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಇದ್ದರಂತೂ ಬಲ ಹಾಕಿದರೆ ಎಲ್ಬೊವೇ ಸೀಳಬಹುದು.

ಹೊಸ ಶವರ್ ಹಾಕಿದ ಮೇಲೂ ಬಿಸಿನೀರಿನಲ್ಲಿ ಮಾತ್ರ ಬಿಳಿ ಚೂರು ಬರುತ್ತಿದ್ದರೆ ತಪ್ಪು ಗೀಸರ್‌ದು. ನೀರು ಕಾದಷ್ಟೂ ಸುಣ್ಣ ಜಾಸ್ತಿ ಬಿಡುತ್ತದೆ, ಹಳೆಯ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತಿದ್ದದ್ದೂ ಇದೇ. ಗೀಸರ್ ಬಿಚ್ಚಿಸಿ ಕಾಯಿಲ್ ಶುಚಿ ಮಾಡಿಸಿ, ಉಷ್ಣತೆಯನ್ನು 50 ಡಿಗ್ರಿ ಹತ್ತಿರ ಇಡಿ. ಹಳೆ ಶವರ್ ಬಿಚ್ಚಿದಾಗ ಒಳಗೆ ಬಿಳಿಯೋ ಕೆಂಪೋ ಏನು ಸಿಕ್ಕಿತು, ನಿಮ್ಮಲ್ಲಿ ಬಾವಿ ಉಂಟಾ ಎಂದು ಬರೆಯಿರಿ. ಕೆಂಪಾದರೆ ಕಬ್ಬಿಣ ತೆಗೆಯಲು ನಮ್ಮ ನೆರೆಮನೆಯವರು ಟ್ಯಾಂಕಿಗೆ ಮಾಡಿಕೊಂಡ ತೂತಿನ ಪೈಪು ಮತ್ತು ಮರಳಿನ ವ್ಯವಸ್ಥೆಯನ್ನು ಕೇಳಿ ಅಳತೆ ಸಮೇತ ಬರೆಯುತ್ತೇನೆ.