ಓದುಗರ ಪ್ರಶ್ನೆ: ಹಳೆಯ ನೆರಳುಚಿತ್ರವನ್ನು ಇಂದಿನ ಮಕ್ಕಳಿಗೆ ತೋರಿಸಬಹುದೆ?

ಪ್ರಶ್ನೆ: ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ತೆರೆಗೆ ತಂದ ‘ರಾಜಕುಮಾರ ಅಹ್ಮದನ ಸಾಹಸಗಳು’ ಚಿತ್ರವನ್ನು ನಮ್ಮ ಗೆಳೆಯರ ಬಳಗ ನೋಡಿ ಬೆರಗಾಯಿತು. ಆದರೆ ಸ್ನಾನಕ್ಕಿಳಿದ ನಾಯಕಿ ಪರಿಬಾನುವಿನ ಗರಿಯುಡುಪನ್ನು ನಾಯಕನೇ ಕದಿಯುವುದನ್ನೂ ಆಫ್ರಿಕಾದ ಮಾಂತ್ರಿಕನ ವಿಕಾರ ರೂಪವನ್ನೂ ಕಂಡು ಕಸಿವಿಸಿಯಾಯಿತು. ಬೇಸಿಗೆ ಶಿಬಿರದ ಮಕ್ಕಳಿಗೆ ತೋರಿಸುವಾಗ ಆ ಭಾಗಗಳನ್ನು ತೆಗೆದುಹಾಕಬೇಕೆ, ಅಥವಾ ಕಾಲವೇ ಅಂಥದ್ದೆಂದು ಸುಮ್ಮನಿರಬೇಕೆ?
(ಓದುಗರೊಬ್ಬರು, ಧಾರವಾಡ)

ಉತ್ತರ: ತೆಗೆದುಹಾಕಬೇಡಿ, ಸುಮ್ಮನೆಯೂ ಇರಬೇಡಿ. ನಿಮಗಾದ ಕಸಿವಿಸಿ ಸರಿಯಾದದ್ದೇ. ಅದಕ್ಕೆ ಕಾರಣ ಆ ಕಾಲದ ಮನೋಭಾವದಲ್ಲಿರುವಷ್ಟೇ ಈ ಚಿತ್ರದ ಕಲೆಯೊಳಗೂ ಇದೆ ಎಂಬುದು ನನ್ನ ಅಭಿಪ್ರಾಯ.

ಬರ್ಲಿನ್ನಿನ ಪಕ್ಕದ ಪಾಟ್ಸ್‌ಡಾಮ್‌ನಲ್ಲಿ, ಲೂಯಿ ಹಾಗೆನ್ ಎಂಬ ಬ್ಯಾಂಕ್ ಒಡೆಯರ ಗ್ಯಾರೇಜಿನ ಮೇಲಿನ ಅಟ್ಟದಲ್ಲಿ, 1923ರಿಂದ 1926ರವರೆಗೆ ಈ ಚಿತ್ರದ ಕೆಲಸ ನಡೆಯಿತು. ರೈನಿಗರ್ ಕಪ್ಪು ರಟ್ಟನ್ನು ಕತ್ತರಿಯಿಂದ ಕತ್ತರಿಸಿ ಆಕೃತಿಗಳನ್ನು ಮಾಡಿ, ಕತ್ತು, ಭುಜ, ಮಣಿಕಟ್ಟುಗಳ ಕೀಲುಗಳನ್ನು ತಂತಿಯಿಂದ ಜೋಡಿಸಿ, ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಜಿನ ಮೇಲೆ ಮಲಗಿಸುತ್ತಿದ್ದರು. ಆಕೃತಿಯನ್ನು ಕೂದಲೆಳೆಯಷ್ಟು ಸರಿಸುವುದು, ಮೇಲೆ ನಿಲ್ಲಿಸಿದ ಕ್ಯಾಮೆರಾದಲ್ಲಿ ಒಂದು ಚೌಕಟ್ಟನ್ನು ಸೆರೆಹಿಡಿಯುವುದು, ಮತ್ತೆ ಸರಿಸುವುದು: ಹೀಗೆ ಸುಮಾರು ಅರುವತ್ತೈದು ನಿಮಿಷಗಳ ಚಿತ್ರ ಸಿದ್ಧವಾಯಿತು. ಕ್ಯಾಮೆರಾ ಅವರ ಪತಿ ಕಾರ್ಲ್ ಕೋಖ್ ಅವರದು. ಮಾಯಾದೃಶ್ಯಗಳಲ್ಲಿ ಪ್ರಯೋಗಶೀಲ ಚಿತ್ರಕಾರ ವಾಲ್ಟರ್ ರುಟ್‌ಮನ್ ಅವರ ಕೈಯಿದೆ. ಡಿಸ್ನಿಯ ‘ಸ್ನೋ ವೈಟ್’ ಬಂದದ್ದು 1937ರಲ್ಲಿ, ಅಂದರೆ ಹನ್ನೊಂದು ವರ್ಷಗಳ ನಂತರ. ಇದಕ್ಕೂ ಮೊದಲು ಅರ್ಜೆಂಟೀನಾದಲ್ಲಿ ತಯಾರಾದ ಪೂರ್ಣಾವಧಿ ಅನಿಮೇಷನ್ ಚಿತ್ರಗಳು ಕಳೆದುಹೋಗಿರುವುದರಿಂದ, ಇಂದಿಗೆ ಉಳಿದಿರುವವುಗಳಲ್ಲಿ ಇದೇ ಅತ್ಯಂತ ಹಳೆಯದು. ಇದನ್ನು ಒಬ್ಬ ಯುವತಿ ಮಾಡಿದಳೆಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಈಗ ಮಾಂತ್ರಿಕನ ವಿಷಯ. ನೆರಳುಚಿತ್ರದಲ್ಲಿ ಕಣ್ಣಿನ ಹೊಳಪಿಲ್ಲ, ತುಟಿಯ ನಡುಕವಿಲ್ಲ. ಪಾತ್ರದ ಗುಣವನ್ನೆಲ್ಲ ಹೊರಗೆರೆಯೊಂದೇ ಹೇಳಬೇಕು. ಆದ್ದರಿಂದ ಅಹ್ಮದನ ನೀಳ ಬೆನ್ನು, ಪರಿಬಾನುವಿನ ಬಾಗಿದ ಕತ್ತು ಒಳ್ಳೆಯತನದ ಗುರುತುಗಳಾಗುತ್ತವೆ. ಮಾಂತ್ರಿಕನ ಕೊಕ್ಕಿನಂಥ ಮೂಗು, ಜೇಡನ ಕಾಲಿನಂತೆ ಚಾಚಿದ ಬೆರಳುಗಳು ಕೆಡುಕಿನ ಗುರುತುಗಳಾಗುತ್ತವೆ. ತೆರೆಯ ಮೇಲೆ ಕಾಣಿಸಿಕೊಂಡ ಕ್ಷಣದಲ್ಲೇ ಯಾರು ಯಾರೆಂದು ಪ್ರೇಕ್ಷಕನಿಗೆ ತಿಳಿಯಬೇಕೆಂಬ ಅಗತ್ಯದಿಂದ ಹುಟ್ಟಿದ ಈ ಜಾಣ್ಮೆಯೇ, ‘ಆಫ್ರಿಕಾದವನು’ ಎಂಬ ಹಣೆಪಟ್ಟಿ ಸೇರಿದೊಡನೆ ಒಂದು ಖಂಡದ ಜನರ ಮೇಲೆ ಬಳಿದ ಮಸಿಯಾಗುತ್ತದೆ. ಚೀನಾದ ಚಕ್ರವರ್ತಿಯ ಆಸ್ಥಾನಕ್ಕೂ ಈ ಮಾತು ಅನ್ವಯಿಸುತ್ತದೆ. ಚಿತ್ರದಲ್ಲಿ ಕಾಣುವುದು ಪೂರ್ವದೇಶಗಳು ತಮ್ಮನ್ನು ತಾವು ಕಂಡ ಬಗೆಯಲ್ಲ ಎಂಬುದನ್ನು ಮರೆಯಬಾರದು. ಚಿತ್ರದಲ್ಲಿ ಬೆರೆತಿರುವ ಅಹ್ಮದ್ ಮತ್ತು ಪರಿಬಾನುವಿನ ಕಥೆಯನ್ನೂ ಅಲ್ಲಾವುದ್ದೀನನ ಕಥೆಯನ್ನೂ 1709ರಲ್ಲಿ ಪ್ಯಾರಿಸ್ಸಿನಲ್ಲಿ ಸಿರಿಯಾದ ಅಲೆಪ್ಪೊ ನಗರದ ಹನ್ನಾ ದಿಯಾಬ್ ಎಂಬ ಯುವಕ ಹೇಳಿದ; ಫ್ರೆಂಚ್ ವಿದ್ವಾಂಸ ಆಂಟೊಯಿನ್ ಗಲಾಂಡ್ ಅವನ್ನು ತಮ್ಮ ಫ್ರೆಂಚ್ ‘ಸಾವಿರದೊಂದು ರಾತ್ರಿ’ಗೆ ಸೇರಿಸಿದರು. ಅಲ್ಲಿಂದಾಚೆಗೆ ಯೂರೋಪು ಇನ್ನೂರು ವರ್ಷ ಕಂಡ ಕನಸಿನ ಬಾಗ್ದಾದು, ಕನಸಿನ ಚೀನಾ ಈ ಚಿತ್ರದಲ್ಲಿವೆ.

ಆದರೆ ರೈನಿಗರ್ ತಾವೇ ಹಾಕಿಕೊಂಡ ಈ ನಿಯಮವನ್ನು ಒಂದು ಕಡೆ ಮುರಿಯುತ್ತಾರೆ, ಚಿತ್ರದಲ್ಲಿ ನನಗೆ ಬಹಳ ಪ್ರಿಯವಾದದ್ದು ಅದೇ. ಉರಿಯುವ ಬೆಟ್ಟದ ಮಾಟಗಾತಿ ಮಾಂತ್ರಿಕನಷ್ಟೇ ಕುರೂಪಿ. ಡೊಂಕು ಬೆನ್ನು, ಜೋತುಬಿದ್ದ ಮುಖ. ಆದರೂ ಬಂಡೆಯಡಿ ಸಿಕ್ಕಿಬಿದ್ದ ಅಹ್ಮದನನ್ನು ಬಿಡಿಸುವವಳು ಅವಳು. ಮಾಂತ್ರಿಕನೊಡನೆ ಪ್ರಾಣಿರೂಪಗಳನ್ನು ಬದಲಿಸುತ್ತ, ಕೊನೆಗೆ ಬೆಂಕಿಯುಂಡೆಗಳನ್ನೆಸೆದು ಸೆಣಸಿ ಅವನನ್ನು ಕೊಲ್ಲುವವಳೂ ಅವಳೇ. ರಾಜಕುಮಾರನಿಗೆ ಸಾಧ್ಯವಾಗದ್ದನ್ನು ಒಬ್ಬ ಮುದುಕಿ ಮಾಡುತ್ತಾಳೆ. ಹೊರಗೆರೆಯನ್ನು ನಂಬಬೇಡಿರೆಂದು ಚಿತ್ರವೇ ಇಲ್ಲಿ ಹೇಳುತ್ತಿದೆ. ಮಾಂತ್ರಿಕನ ವಿಷಯದಲ್ಲಿ ಅದು ಈ ಮಾತನ್ನು ಪಾಲಿಸಲಿಲ್ಲ ಎಂಬುದೇ ನಾವು ಅದರ ಮುಂದಿಡಬೇಕಾದ ಆಕ್ಷೇಪ.

ಗರಿಯುಡುಪಿನ ದೃಶ್ಯ ಇನ್ನೂ ತೊಡಕಿನದು, ಏಕೆಂದರೆ ಅದು ತುಂಬ ಸುಂದರವಾಗಿದೆ. ಹಕ್ಕಿಗಳ ರೂಪದಲ್ಲಿ ಇಳಿದ ಕನ್ಯೆಯರು ಗರಿಗಳನ್ನು ಕಳಚುತ್ತಾರೆ, ಕೊಳದ ನೀರಿನಲ್ಲಿ ಅವರ ಬಿಂಬ ತಲೆಕೆಳಗಾಗಿ ಅಲುಗುತ್ತದೆ, ಗಿಡಗಳ ಮರೆಯಲ್ಲಿ ಅಹ್ಮದ ಕಾದಿದ್ದಾನೆ, ಅವನ ಜೊತೆಗೆ ನಾವೂ ಕದ್ದು ನೋಡುತ್ತಿದ್ದೇವೆ. ಮೀಯುವ ದೇವಕನ್ಯೆಯ ಉಡುಪನ್ನು ಬಚ್ಚಿಟ್ಟು ಅವಳನ್ನು ತನ್ನವಳಾಗಿಸಿಕೊಳ್ಳುವ ಕಥೆ ಜಪಾನಿನಿಂದ ಯೂರೋಪಿನವರೆಗೆ ಹಬ್ಬಿದೆ, ನಮ್ಮ ದೇಶದ ಜನಪದ ಕಥೆಗಳಲ್ಲೂ ಇದೆ. ಆದ್ದರಿಂದ ಇದನ್ನು ರೈನಿಗರ್ ಒಬ್ಬರ ತಪ್ಪೆನ್ನಲಾಗದು. ಆದರೂ ಓಡುತ್ತಿರುವ ಹೆಣ್ಣನ್ನು ಬೆನ್ನಟ್ಟಿ ಹಿಡಿಯುವುದನ್ನು ಪ್ರೀತಿಯೆಂದು ಮಕ್ಕಳ ಮುಂದೆ ಹೇಳಲು ನಾನು ಒಪ್ಪಲಾರೆ. ಅಹ್ಮದ ಉಡುಪನ್ನು ಹಿಂದಿರುಗಿಸಿದ ಮೇಲಷ್ಟೇ ಅವಳಿಗೆ ಅವನ ಮೇಲೆ ನಂಬಿಕೆ ಹುಟ್ಟುತ್ತದೆ ಎಂಬುದನ್ನು ಮಾತ್ರ ಗಮನಿಸಬೇಕು.

ಕಥೆಯನ್ನು ಪರಿಬಾನುವಿನ ಕಡೆಯಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ವಾಕ್‌ವಾಕ್ ದ್ವೀಪದ ಒಡತಿಯಾದ ಅವಳನ್ನು ಮೊದಲು ಅಹ್ಮದ ಹಿಡಿಯುತ್ತಾನೆ. ಆಮೇಲೆ ಮಾಂತ್ರಿಕ ಹೊತ್ತೊಯ್ದು ಚೀನಾದ ಚಕ್ರವರ್ತಿಗೆ ಮಾರುತ್ತಾನೆ. ಕೊನೆಗೆ ಅವಳದೇ ದ್ವೀಪದ ರಾಕ್ಷಸರು ಎಳೆದೊಯ್ಯುತ್ತಾರೆ. ಎರಡನೆಯದನ್ನೂ ಮೂರನೆಯದನ್ನೂ ಚಿತ್ರ ಅಪರಾಧವೆಂದು ತೋರಿಸುತ್ತದೆ, ಮೊದಲನೆಯದನ್ನು ಪ್ರಣಯವೆಂದು ತೋರಿಸುತ್ತದೆ. ಚಿತ್ರ ಮುಗಿದ ಮೇಲೆ ಈ ಮೂರಕ್ಕೂ ಏನು ವ್ಯತ್ಯಾಸವೆಂದು ಮಕ್ಕಳನ್ನೇ ಕೇಳಿ, ಅವರ ಉತ್ತರಗಳಿಗೆ ಬಿಡುವು ಕೊಡಿ. ದೃಶ್ಯವನ್ನು ತೆಗೆದುಹಾಕಿದರೆ ಈ ಪ್ರಶ್ನೆಯೇ ಏಳುವುದಿಲ್ಲ. ತೀರ ಚಿಕ್ಕ ಮಕ್ಕಳಿಗಾದರೆ ರಾಕ್ಷಸರ ಕಾಳಗ ಭಯ ಹುಟ್ಟಿಸಬಹುದು. ಹತ್ತು ದಾಟಿದವರಿಗೆ ತೋರಿಸುವುದು ಒಳ್ಳೆಯದು.

ಪ್ರಶ್ನೆ: ಇದು ನಮ್ಮ ತೊಗಲುಗೊಂಬೆಯಾಟದಂತೆಯೇ ಅಲ್ಲವೆ?
(ಓದುಗರೊಬ್ಬರು, ಬಳ್ಳಾರಿ)

ಉತ್ತರ: ಬೆಳಕು, ತೆರೆ, ಕತ್ತರಿಸಿದ ಆಕೃತಿ ಇವಿಷ್ಟು ಸಮಾನ. ಆದರೆ ನಮ್ಮ ಕಲಾವಿದರು ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ ಬಣ್ಣ ಹಚ್ಚುತ್ತಾರೆ, ಹಾಗಾಗಿ ತೆರೆಯ ಮೇಲೆ ಬಣ್ಣಗಳೂ ಬೆಳಗುತ್ತವೆ. ರೈನಿಗರ್ ಅವರ ಆಕೃತಿಗಳು ಸಂಪೂರ್ಣ ಕಪ್ಪು. ಇಲ್ಲಿ ಗೊಂಬೆ ಹಾಡಿನ ಜೊತೆಗೇ ಕೈಯಲ್ಲಿ ಕುಣಿಯುತ್ತದೆ, ಅಲ್ಲಿ ಚಲನೆ ಚೌಕಟ್ಟಿನಿಂದ ಚೌಕಟ್ಟಿಗೆ ಕೂಡಿಬರುತ್ತದೆ. ಮೇಲಿನ ಚರ್ಚೆಗೆ ಸಂಬಂಧಿಸಿದ ಒಂದು ಮಾತನ್ನು ಸೇರಿಸುತ್ತೇನೆ. ನಮ್ಮ ಆಟದ ಹಾಸ್ಯಪಾತ್ರವೂ ಅಂಕುಡೊಂಕಾದ ಆಕೃತಿಯೇ, ಆದರೆ ಆ ಕಿಳ್ಳೇಕ್ಯಾತನಿಗೆ ಇರುವುದು ಆಟವಾಡಿಸುವ ಸಮುದಾಯದ್ದೇ ಹೆಸರು. ತಮ್ಮನ್ನೇ ನಗೆಗೆ ಒಡ್ಡಿಕೊಳ್ಳುವುದು ಬೇರೆ, ದೂರದ ಜನರನ್ನು ವಿಕಾರಗೊಳಿಸಿ ತೋರಿಸುವುದು ಬೇರೆ.

ಪ್ರಶ್ನೆ: ಕೆಲವು ಪ್ರತಿಗಳಲ್ಲಿ ನೀಲಿ, ಕಿತ್ತಳೆ ಬಣ್ಣಗಳಿವೆ, ಕೆಲವು ಬರಿಯ ಕಪ್ಪು-ಬಿಳುಪು. ಯಾವುದು ಮೂಲ?
(ಓದುಗರೊಬ್ಬರು, ಮೈಸೂರು)

ಉತ್ತರ: ಬಣ್ಣ ಹಾಕಿದ್ದೇ ಮೂಲ. ಮೂಲ ನೆಗೆಟಿವ್ 1945ರ ಬರ್ಲಿನ್ ಕದನದಲ್ಲಿ ನಾಶವಾಯಿತು. ಬ್ರಿಟನ್ನಿನ ಚಲನಚಿತ್ರ ಸಂಗ್ರಹದಲ್ಲಿ ಉಳಿದಿದ್ದ ಬಣ್ಣದ ಪ್ರತಿಯನ್ನು ಆಧರಿಸಿ ಫ್ರಾಂಕ್‌ಫರ್ಟಿನ ಚಲನಚಿತ್ರ ಸಂಗ್ರಹಾಲಯ 1990ರ ದಶಕದ ಕೊನೆಯಲ್ಲಿ ಅದನ್ನು ಪುನರುಜ್ಜೀವನಗೊಳಿಸಿತು. ಪ್ರತಿಯನ್ನು ಆರಿಸುವಾಗ ವೋಲ್ಫ್‌ಗಾಂಗ್ ಝೆಲ್ಲರ್ ಅವರ ಸಂಗೀತವಿರುವುದನ್ನೇ ನೋಡಿ. ಆ ಸಂಗೀತ ಚಿತ್ರ ತಯಾರಾಗುತ್ತಿದ್ದಾಗಲೇ ಅದಕ್ಕೆಂದೇ ರಚನೆಯಾದದ್ದು. ಮೆರವಣಿಗೆಯ ದೃಶ್ಯಗಳಲ್ಲಿ ಆಕೃತಿಗಳ ಹೆಜ್ಜೆ ಅದರ ತಾಳಕ್ಕೆ ಹೊಂದಿಕೊಂಡಿರುವುದು ಸ್ಪಷ್ಟವಾಗಿ ಕಾಣುತ್ತದೆ.