ಮಗಳು ಒಂದೇ ಸಮ ನೀರು ಕೇಳುತ್ತಾಳೆ, ಹಾಸಿಗೆ ಒದ್ದೆ ಮಾಡುತ್ತಾಳೆ. ರಿಪೋರ್ಟ್ ಬರುವ ತನಕ ಕಾಯಬಹುದಾ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕೂತೆ. 6 ವರ್ಷದ ಮಗಳು ಎರಡು ವಾರದಿಂದ ನೀರು ನೀರು ಅನ್ನುತ್ತಾಳೆ. ಯಾವತ್ತೋ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದೆ. ಸುಸ್ತು ಅಂತ ಮಲಗಿಬಿಡುತ್ತಾಳೆ. ಡಾಕ್ಟರ್ ಮೂತ್ರದ ಸೋಂಕು ಇರಬಹುದು ಅಂದು ಕಲ್ಚರ್‌ಗೆ ಕೊಟ್ಟಿದ್ದಾರೆ, ರಿಪೋರ್ಟ್ ಬರಲು ಎರಡು ದಿನ ಬೇಕು. ಅಲ್ಲಿಯವರೆಗೆ ಕಾಯಬಹುದಾ, ಸುಮ್ನೆ ಭಯಪಡ್ತಿದ್ದೀನಾ ಅಂತ ಕೇಳಿದ್ದೀರಿ.

ಕಾಯಬೇಡಿ. ಇವತ್ತೇ ಅವಳ ರಕ್ತದ ಸಕ್ಕರೆ ನೋಡಿಸಿ. ಬೆರಳ ತುದಿಯಿಂದ ಒಂದು ಹನಿ ರಕ್ತ ಸಾಕು, ಒಂದು ನಿಮಿಷದ ಕೆಲಸ. ಇದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ. "ನಾಳೆ ಬೆಳಿಗ್ಗೆ ಏನೂ ತಿನ್ನಿಸದೆ ಕರ್ಕೊಂಡು ಬನ್ನಿ" ಅಂದರೆ ದಯವಿಟ್ಟು ಒಪ್ಪಬೇಡಿ. ಕಲ್ಚರ್ ಹೇಳುವುದು ಮೂತ್ರದಲ್ಲಿ ಕ್ರಿಮಿ ಬೆಳೆಯುತ್ತಿದೆಯಾ ಅಂತ ಮಾತ್ರ, ಸಕ್ಕರೆಯ ವಿಷಯ ಹೇಳುವುದಿಲ್ಲ.

ನಾನು ಡಾಕ್ಟರ್ ಅಲ್ಲ. ಟೈಪ್ 1 ಡಯಾಬಿಟಿಸ್ ಇರುವ ಹುಡುಗನ ಅಪ್ಪ. ಅವನಿಗೆ ಆಗ 5 ವರ್ಷ, ಈಗ 11. ನಿಮ್ಮ ಮಗಳಿಗೆ ಇದೇ ಇದೆ ಅಂತ ನಾನು ಹೇಳುತ್ತಿಲ್ಲ, ಹೇಳಲೂ ಬಾರದು. ಆದರೆ ನೀವು ಬರೆದ ಒಂದೊಂದು ಸಾಲೂ ನಮ್ಮ ಮನೆಯಲ್ಲಿ ನಡೆದದ್ದೇ.

ನಮ್ಮದು ಶುರುವಾಗಿದ್ದು ಸುಸ್ತಿನಿಂದ. ಆಟ ಬಿಟ್ಟು ಬಂದು ಗೋಡೆಗೆ ಒರಗಿ ಕೂರುತ್ತಿದ್ದ. ಒಬ್ಬ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಸುಸ್ತು ಅಂದೆವು, ಟಾನಿಕ್ ಬರೆದುಕೊಟ್ಟರು. ವಾರ ಕಳೆದ ಮೇಲೆ ಹಾಸಿಗೆ ಒದ್ದೆ ಶುರುವಾಯಿತು. ಆವತ್ತು ಬೇರೆ ಡಾಕ್ಟರ್ ಇದ್ದರು. ಹಾಸಿಗೆ ಒದ್ದೆ ಅಂದೆವು. ಆಗಷ್ಟೇ ಶಾಲೆಗೆ ಸೇರಿದ್ದ, ಮನಸ್ಸಿಗೆ ಬೇಜಾರಾಗಿರಬೇಕು, ಬೈಯಬೇಡಿ ಅಂದರು. ನಮಗೂ ಸರಿ ಅನ್ನಿಸಿತು. ಮತ್ತೆ ಐದು ದಿನಕ್ಕೆ ಹೊಟ್ಟೆನೋವು, ವಾಂತಿ. ಮೂರನೆಯವರಿಗೆ ಹೊಟ್ಟೆನೋವು, ವಾಂತಿ ಅಂದೆವು. ಹೊಟ್ಟೆಯ ಸೋಂಕಿಗೆ ಔಷಧ ಕೊಟ್ಟರು.

ನೋಡಿ, ಪ್ರತಿ ಸಲವೂ ನಾನು ಆ ದಿನದ ತೊಂದರೆಯನ್ನು ಮಾತ್ರ ಹೇಳಿದೆ. ನೀರು ಜಾಸ್ತಿ ಕುಡಿಯುತ್ತಿದ್ದ ವಿಷಯ ಮೂರೂ ಕಡೆ ನನ್ನ ಬಾಯಿಗೇ ಬರಲಿಲ್ಲ. ನೀರು ಕುಡಿಯುವುದು ಒಳ್ಳೆಯದು ತಾನೇ, ಅದೊಂದು ಕಾಯಿಲೆಯ ಲಕ್ಷಣ ಅಂತ ಹೊಳೆಯಲೇ ಇಲ್ಲ. ಹತ್ತು ನಿಮಿಷ ನೋಡುವ ಡಾಕ್ಟರ್‌ಗೆ ಒಂದು ತುಂಡು ಸಿಕ್ಕಿತು, ಇನ್ನೊಬ್ಬರಿಗೆ ಇನ್ನೊಂದು ತುಂಡು. ಎಲ್ಲ ತುಂಡುಗಳೂ ಇದ್ದದ್ದು ನಮ್ಮ ಹತ್ತಿರ ಮಾತ್ರ. ಅವನ್ನು ಜೋಡಿಸಿ ಒಂದೇ ಉಸಿರಿಗೆ ಹೇಳಿದ್ದರೆ ಮೊದಲನೆಯವರೇ ಹಿಡಿದುಬಿಡುತ್ತಿದ್ದರೋ ಏನೋ. ಯಾರಾದರೂ ಒಬ್ಬರು ತಾವಾಗಿ "ನೀರು ಎಷ್ಟು ಕುಡೀತಾನೆ?" ಅಂತ ಕೇಳಬಹುದಿತ್ತು ಅನ್ನುವ ನೋವು ಈಗಲೂ ಇದೆ. ಎರಡೂ ನಿಜ.

ಸಣ್ಣಗಾಗಿದ್ದೂ ಗೊತ್ತಾಗಲಿಲ್ಲ. ದಿನಾ ನೋಡುವ ಕಣ್ಣಿಗೆ ಅದು ಕಾಣುವುದಿಲ್ಲ. ತಿಂಗಳ ನಂತರ ಬಂದ ಅಜ್ಜಿ ಬಾಗಿಲಲ್ಲೇ ನಿಂತು "ಮಗು ಯಾಕೆ ಹೀಗೆ ಇಳಿದುಹೋಗಿದೆ?" ಅಂದರು. ಅಷ್ಟರಲ್ಲಿ ನಾನೇ ಎರಡು ಸಲ ಅವನ ಚಡ್ಡಿಯ ಲಾಡಿ ಎಳೆದು ಬಿಗಿ ಮಾಡಿ ಗಂಟು ಹಾಕಿದ್ದೆ. ನನ್ನ ಕೈಗೆ ಗೊತ್ತಾಗಿತ್ತು, ತಲೆಗೆ ಹೋಗಿರಲಿಲ್ಲ. ಬಚ್ಚಲ ನೆಲ ಒಣಗಿದ ಮೇಲೆ ಕಾಲಿಗೆ ಅಂಟಂಟು ಅನ್ನಿಸುತ್ತಿತ್ತು, ಇರುವೆ ಸಾಲು ಹಿಡಿಯುತ್ತಿತ್ತು. ತೊಳೆದು ತೊಳೆದು ಹಾಕಿದೆವು, ಅಷ್ಟೇ.

ವಾಂತಿ ಶುರುವಾದ ರಾತ್ರಿಯೇ ಉಸಿರು ಜೋರಾಯಿತು. ಓಡಿ ಬಂದವರ ಏದುಸಿರಿನ ಥರ ಅಲ್ಲ. ಆಳವಾಗಿ, ಒಂದೇ ಲಯದಲ್ಲಿ, ನಿದ್ದೆಯಲ್ಲೂ ನಿಲ್ಲದ ಉಸಿರು. ಬಾಯಿಂದ ಉಗುರುಬಣ್ಣ ಅಳಿಸುವ ದ್ರವದಂಥ ವಾಸನೆ. ತುರ್ತು ಚಿಕಿತ್ಸೆಗೆ ಒಯ್ದೆವು. ಎದೆಯ ತೊಂದರೆ ಅಂತ ಮೊದಲು ನೆಬ್ಯುಲೈಜರ್ ಹಾಕಿದರು. ಎದೆಯಲ್ಲಿ ಕಫವಿಲ್ಲ, ಆಮ್ಲಜನಕ ಸರಿಯಾಗಿದೆ, ಆದರೂ ಉಸಿರು ಇಳಿಯುತ್ತಿಲ್ಲ. ಆಗ ಒಬ್ಬ ನರ್ಸ್ ಕೇಳಿದರು, "ಮೂತ್ರ ಮಾಡಿದ್ದಾನಾ?" ತುಂಬಾ ಮಾಡುತ್ತಿದ್ದಾನೆ, ದಾರಿಯಲ್ಲೂ ಎರಡು ಸಲ ಆಯಿತು ಅಂದೆ. ಅವರ ಕೈ ಅಲ್ಲೇ ನಿಂತಿತು. "ಇಷ್ಟು ವಾಂತಿ ಆಗಿ, ಬಾಯಿ ಇಷ್ಟು ಒಣಗಿರೋ ಮಗು ಅಷ್ಟೊಂದು ಮೂತ್ರ ಮಾಡಲ್ಲ" ಅಂದು ಮೀಟರ್ ತಂದರು.

ಈ ಮಾತನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ, ನಿಮಗೂ ಹೇಳುತ್ತಿದ್ದೇನೆ. ಸಾಮಾನ್ಯವಾಗಿ ವಾಂತಿಯಾಗಿ ಮೈಯ ನೀರು ಆರಿದ ಮಗುವಿಗೆ ಮೂತ್ರ ಕಡಿಮೆಯಾಗುತ್ತದೆ. ನೀರು ಆರಿಯೂ ಮೂತ್ರ ಧಾರಾಳವಾಗಿ ಹೋಗುತ್ತಿದ್ದರೆ ಸಕ್ಕರೆ ನೋಡಲೇಬೇಕು.

ಮೀಟರ್‌ನಲ್ಲಿ ಸಂಖ್ಯೆ ಬರಲಿಲ್ಲ, ಎರಡು ಇಂಗ್ಲಿಷ್ ಅಕ್ಷರ ಬಂತು. ಮನೆಯಲ್ಲಿ ಬಿಡಲು ಯಾರೂ ಇಲ್ಲದೆ ಜೊತೆಗೆ ಬಂದಿದ್ದ ಅವನ ಅಕ್ಕ ಬಗ್ಗಿ ಓದಿದಳು. "ಅಪ್ಪಾ, ಅದು ಹಾಯ್ ಅಂತಿದೆ." ಅದು 'ಹೈ'. ಮೀಟರ್ ಅಳೆಯಬಲ್ಲ ಮಿತಿಯನ್ನೂ ಸಕ್ಕರೆ ದಾಟಿದೆ ಅಂತ. ಆಮೇಲೆ ಯಾರೂ ನಡೆಯಲಿಲ್ಲ, ಎಲ್ಲರೂ ಓಡಿದರು.

ಒಳಗೆ ಏನಾಗಿತ್ತು ಅಂತ ಆಮೇಲೆ ತಿಳಿಯಿತು. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಮಾಡುವ ಕೋಶಗಳನ್ನು ಹಾಳು ಮಾಡುತ್ತದೆ. ಇನ್ಸುಲಿನ್ ಇಲ್ಲದೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಜೀವಕೋಶಗಳ ಒಳಗೆ ಹೋಗುವುದಿಲ್ಲ. ಉಕ್ಕಿದ ಸಕ್ಕರೆ ಮೂತ್ರದಲ್ಲಿ ಹೊರಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಆ ಬಾಯಾರಿಕೆ. ಇತ್ತ ದೇಹ ಹಸಿದು ಕೊಬ್ಬನ್ನು ಕರಗಿಸುತ್ತದೆ, ಅದರಿಂದ ಕೀಟೋನ್ ಅನ್ನುವ ಆಮ್ಲ ತುಂಬಿಕೊಳ್ಳುತ್ತದೆ. ಆ ಆಮ್ಲವನ್ನು ಹೊರಹಾಕಲು ಶ್ವಾಸಕೋಶ ಆಳವಾಗಿ ಉಸಿರಾಡುತ್ತದೆ. 1874ರಲ್ಲೇ ಕುಸ್ಮೌಲ್ ಅನ್ನುವ ಜರ್ಮನ್ ವೈದ್ಯ ಇದನ್ನು ವಿವರಿಸಿದ್ದರಂತೆ, ಆ ಉಸಿರಿಗೆ ಅವರದೇ ಹೆಸರಿದೆ. ಈ ಹಂತಕ್ಕೆ ಡಿಕೆಎ ಅನ್ನುತ್ತಾರೆ. ಇದು ಜೀವಕ್ಕೇ ಅಪಾಯ.

ಐಸಿಯುನಲ್ಲಿ ಎರಡು ರಾತ್ರಿ. ಸಕ್ಕರೆಯನ್ನು ಒಮ್ಮೆಲೇ ಇಳಿಸುವಂತಿಲ್ಲ, ಮೆದುಳಿಗೆ ಬಾವು ಬರುವ ಭಯ ಇರುತ್ತದೆ. ಗಂಟೆಗೊಮ್ಮೆ ಎಬ್ಬಿಸಿ ಹೆಸರು ಕೇಳುತ್ತಿದ್ದರು, ಕಣ್ಣಿಗೆ ಬೆಳಕು ಬಿಡುತ್ತಿದ್ದರು. "ಅಪ್ಪಾ, ನೀರು" ಅಂತಿದ್ದ. ಕೊಡುವ ಹಾಗಿರಲಿಲ್ಲ. ಒದ್ದೆ ಹತ್ತಿಯಿಂದ ತುಟಿ ಸವರುತ್ತಿದ್ದೆ. ಅವನು ಆ ಹತ್ತಿಯನ್ನೇ ಕಚ್ಚಿ ಹಿಡಿದು ಚೀಪಿದ. ಮೂರನೆಯ ಬೆಳಿಗ್ಗೆ ಎದ್ದು ಕೂತು ಅಕ್ಕ ಎಲ್ಲಿ ಅಂತ ಕೇಳಿದ.

ಇದನ್ನು ಬರೆದದ್ದು ನಿಮ್ಮನ್ನು ಹೆದರಿಸಲು ಅಲ್ಲ. ನೀವಿನ್ನೂ ನಾವು ಎರಡನೇ ಡಾಕ್ಟರ್ ಹತ್ತಿರ ಹೋದ ದಿನದಲ್ಲಿದ್ದೀರಿ. ಆ ದಿನ ಒಂದು ಹನಿ ರಕ್ತ ನೋಡಿದ್ದರೆ ಐಸಿಯು ಬೇಕಾಗುತ್ತಿರಲಿಲ್ಲವೇನೋ. ಇದು ಬರೀ ನನ್ನ ಆಸೆಯ ಮಾತಲ್ಲ. ಇಟಲಿಯ ಪಾರ್ಮಾ ಪ್ರಾಂತ್ಯದಲ್ಲಿ 1991ರಲ್ಲಿ ಶಾಲೆಗಳಲ್ಲೂ ಮಕ್ಕಳ ವೈದ್ಯರ ಕ್ಲಿನಿಕ್‌ಗಳಲ್ಲೂ ಒಂದು ಪೋಸ್ಟರ್ ಹಾಕಿದರು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದೆಯಾ, ನೀರು ಜಾಸ್ತಿ ಕುಡಿಯುತ್ತಿದೆಯಾ, ಅಂತ ಕೇಳುವ ಪೋಸ್ಟರ್. ಡಾಕ್ಟರ್‌ಗಳಿಗೆ ಸಕ್ಕರೆ ನೋಡುವ ಮೀಟರ್ ಕೊಟ್ಟರು. ಅದಕ್ಕೂ ಮೊದಲು ಅಲ್ಲಿ ಹೊಸದಾಗಿ ಈ ಕಾಯಿಲೆ ಪತ್ತೆಯಾದ ಮಕ್ಕಳಲ್ಲಿ ಶೇ. 78 ಮಂದಿ ಡಿಕೆಎ ಆದ ಮೇಲೆಯೇ ಬರುತ್ತಿದ್ದರು. ನಂತರದ ವರ್ಷಗಳಲ್ಲಿ ಅದು ಶೇ. 12.5ಕ್ಕೆ ಇಳಿಯಿತು. ಒಂದು ಪೋಸ್ಟರ್, ಒಂದು ಮೀಟರ್. ಇದನ್ನು ಓದಿದ ದಿನ ನನಗೆ ಅಳು ಬಂತು.

ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಶುರುವಾಗಿ ಎಷ್ಟು ದಿನ, ರಾತ್ರಿ ಎಷ್ಟು ಸಲ ಏಳುತ್ತಾಳೆ, ಎಷ್ಟು ಲೋಟ ನೀರು, ಹಿಂದಿನ ಸಲ ತೂಗಿದಾಗ ತೂಕ ಎಷ್ಟಿತ್ತು. ಡಾಕ್ಟರ್ ಮುಂದೆ ಕೂತ ಕೂಡಲೇ ಎಲ್ಲವನ್ನೂ ಒಟ್ಟಿಗೆ ಹೇಳಿ. ಆಮೇಲೆ ಹೀಗೆ ಕೇಳಿ: "ಟೈಪ್ 1 ಡಯಾಬಿಟಿಸ್ ಅಲ್ಲ ಅಂತ ಈಗಲೇ ಖಚಿತ ಮಾಡ್ಕೋಬೇಕು, ಬೆರಳಿಂದ ಶುಗರ್ ನೋಡಿ." ಹೆಸರು ಹಿಡಿದು ಕೇಳುವುದು ಉದ್ಧಟತನ ಅಲ್ಲ. ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ. ಮೂತ್ರದ ಮಾಮೂಲಿ ಪರೀಕ್ಷೆ ಆಗಿದ್ದರೆ ಅದರಲ್ಲಿ ಸಕ್ಕರೆ, ಕೀಟೋನ್ ಎಷ್ಟು ಅಂತ ಬರೆದಿರುತ್ತದೆ, ಅದನ್ನೂ ನೋಡಲು ಹೇಳಿ.

ಮನೆಯಲ್ಲಿ ಯಾರದ್ದಾದರೂ ಮೀಟರ್ ಇದ್ದರೆ ಈಗಲೇ ನೋಡಬಹುದು. ಅವಳ ಕೈ ಚೆನ್ನಾಗಿ ತೊಳೆದು ಒರೆಸಿ, ಬೆರಳಿಗೆ ಸಿಹಿ ಅಂಟಿದ್ದರೆ ತಪ್ಪು ಸಂಖ್ಯೆ ಬರುತ್ತದೆ. ಇಷ್ಟು ಲಕ್ಷಣ ಇರುವಾಗ ಯಾವ ಹೊತ್ತಿನಲ್ಲಿ ನೋಡಿದರೂ ಡೆಸಿಲೀಟರ್‌ಗೆ 200 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಯಾಬಿಟಿಸ್ ಅಂತಲೇ ಹಿಡಿಯುತ್ತಾರೆ. ಕೆಲವು ಮೀಟರ್‌ಗಳಲ್ಲಿ ಅದೇ 11.1 ಅಂತ ತೋರಿಸುತ್ತದೆ. ಹಾಗೆ ಬಂದರೆ ನಾಳೆ ಅನ್ನಬೇಡಿ, ಮಕ್ಕಳ ವಿಭಾಗ ಇರುವ ಆಸ್ಪತ್ರೆಗೆ ನೇರ ಹೋಗಿ. ದಾರಿಯಲ್ಲಿ ನೀರು ಕೇಳಿದರೆ ಕೊಡಿ. ಮೂತ್ರ ಜಾಸ್ತಿ ಆಗುತ್ತೆ ಅಂತ ನೀರು ನಿಲ್ಲಿಸುವುದು ತುಂಬ ಅಪಾಯ.

ಇನ್ನೊಂದು ಮಾತು. ಒಂದು ವೇಳೆ ಇದೇ ಆಗಿದ್ದರೆ, ಸಿಹಿ ತಿನ್ನಿಸಿದ್ದಕ್ಕೆ ಬಂತು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಂಬಬೇಡಿ, ಸಿಹಿಯಿಂದ ಈ ಕಾಯಿಲೆ ಬರುವುದಿಲ್ಲ. ಕಷಾಯ, ಮಾತ್ರೆ, ಪಥ್ಯದಲ್ಲೇ ಸರಿಹೋಗುತ್ತದೆ ಅನ್ನುವವರೂ ಬರುತ್ತಾರೆ. ಇನ್ಸುಲಿನ್ ಬಿಟ್ಟು ಬೇರೆ ದಾರಿ ಇಲ್ಲ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಸಲ ಇನ್ಸುಲಿನ್ ಚುಚ್ಚುವ ತನಕ ಈ ಕಾಯಿಲೆಯ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಆ ಹುಡುಗ ಸಾವಿನ ಬಾಗಿಲಿಂದ ಎದ್ದು ಮತ್ತೆ 13 ವರ್ಷ ಬದುಕಿದ. ನಮ್ಮವನು ಈಗ ತಾನೇ ಸೂಜಿ ಚುಚ್ಚಿಕೊಳ್ಳುತ್ತಾನೆ, ಅಕ್ಕನ ಜೊತೆ ಜಗಳ ಆಡುತ್ತಾನೆ, ಸಂಜೆ ಆಟಕ್ಕೆ ಹೋದರೆ ಕರೆದರೂ ಬರುವುದಿಲ್ಲ.

ಸಕ್ಕರೆ ಸರಿಯಾಗಿದೆ ಅಂತ ಬಂದರೆ ತುಂಬ ಒಳ್ಳೆಯದು, ಸೋಂಕಿನ ಚಿಕಿತ್ಸೆ ಮುಂದುವರಿಸಿ. ಆದರೆ ವಾಂತಿ, ಹೊಟ್ಟೆನೋವು, ಆಳವಾದ ಉಸಿರು, ಎಬ್ಬಿಸಿದರೂ ಏಳದಂಥ ಮಂಪರು, ಇವುಗಳಲ್ಲಿ ಒಂದು ಕಂಡರೂ ನಡುರಾತ್ರಿ ಅಂತ ನೋಡದೆ ಎತ್ತಿಕೊಂಡು ಹೊರಡಿ. ನೋಡಿಸಿದ ಮೇಲೆ ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ. ನಾನು ಎಚ್ಚರವಾಗಿಯೇ ಇರುತ್ತೇನೆ.