ಆಸ್ಟ್ರೇಲಿಯಾಕ್ಕೆ ಗಡೀಪಾರಾದ ಬ್ರಿಟಿಷ್ ಕೈದಿಗಳೆಲ್ಲ ಜೈಲಿನಲ್ಲೇ ಇರುತ್ತಿದ್ದರೇ?

ಇಲ್ಲ. 1788ರಿಂದ 1868ರವರೆಗೆ ಹೋದ ಸುಮಾರು 1,62,000 ಮಂದಿಯಲ್ಲಿ ಹೆಚ್ಚಿನವರು ಜೈಲುಕೋಣೆಯಲ್ಲಿ ಕೊಳೆಯಲಿಲ್ಲ, ದುಡಿದರು. ಟ್ಯಾಸ್ಮೇನಿಯಾದ ಪೋರ್ಟ್ ಆರ್ಥರ್‌ನಂಥ ಕುಖ್ಯಾತ ಸೆರೆತಾಣಗಳು ಮುಖ್ಯವಾಗಿ ಆಸ್ಟ್ರೇಲಿಯಾಕ್ಕೆ ಬಂದಮೇಲೆ ಮತ್ತೆ ತಪ್ಪು ಮಾಡಿದವರಿಗೆ.

ಅಲ್ಲಿನ ನ್ಯೂ ಸೌತ್ ವೇಲ್ಸ್ ವಸಾಹತಿನಲ್ಲಿ ಸರ್ಕಾರ ಬಹುಪಾಲು ಕೈದಿಗಳನ್ನು ಜಮೀನುದಾರರಿಗೆ ಆಳುಗಳಾಗಿ ಕೊಡುತ್ತಿತ್ತು. ಕುರಿ ಕಾಯುವುದು, ಮರ ಕಡಿಯುವುದು, ಮನೆಗೆಲಸ. ಕೂಲಿ ಇಲ್ಲ. 1830ರ ದಶಕದ ನಿಯಮದಂತೆ ಧಣಿ ವಾರಕ್ಕೆ ಸುಮಾರು ಐದೂವರೆ ಕೆಜಿ ಗೋಧಿ, ಮೂರು ಕೆಜಿಗೂ ಮಿಕ್ಕಿ ಮಾಂಸ, ಚೂರು ಉಪ್ಪು, ಚೂರು ಸೋಪು ಕೊಡಬೇಕು. ವರ್ಷಕ್ಕೆ ಮೂರು ಅಂಗಿ, ಮೂರು ಜೊತೆ ಬೂಟು. ಹೊಟ್ಟೆಯ ಲೆಕ್ಕದಲ್ಲಿ ಇದು ಇಂಗ್ಲೆಂಡಿನ ಎಷ್ಟೋ ಬಡ ಕೂಲಿಗಳಿಗಿಂತ ಮೇಲು!

ತೊಂದರೆ ಬೇರೆ ಕಡೆ ಇತ್ತು. ಧಣಿ ತಾನೇ ಚಾಟಿ ಬೀಸುವಂತಿರಲಿಲ್ಲ, ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬೇಕಿತ್ತು. ಆದರೆ ಆ ಮ್ಯಾಜಿಸ್ಟ್ರೇಟ್ ಹಲವು ಸಲ ಪಕ್ಕದ ಜಮೀನುದಾರನೇ. ಎದುರು ಮಾತಾಡಿದ್ದಕ್ಕೂ 50 ಏಟು ಬೀಳಬಹುದಿತ್ತು.

7 ವರ್ಷದ ಶಿಕ್ಷೆಯವನು ಒಬ್ಬನೇ ಧಣಿಯ ಬಳಿ 4 ವರ್ಷ ತಕರಾರಿಲ್ಲದೆ ದುಡಿದರೆ ‘ಟಿಕೆಟ್ ಆಫ್ ಲೀವ್’ಗೆ ಅರ್ಹ, ಜೀವಾವಧಿಯವನಿಗೆ 8 ವರ್ಷ. ಟಿಕೆಟ್ ಸಿಕ್ಕರೆ ಸ್ವಂತಕ್ಕೆ ದುಡಿಯಬಹುದು, ಗೊತ್ತುಮಾಡಿದ ಜಿಲ್ಲೆ ಬಿಡುವಂತಿಲ್ಲ, ಹಾಜರಿ ತಪ್ಪಿಸುವಂತಿಲ್ಲ. ಕುಡಿದು ಸಿಕ್ಕಿಬಿದ್ದರೂ ಟಿಕೆಟ್ ರದ್ದಾಗಬಹುದಿತ್ತು.